ಉಲ್ಬಿಕೆಯ ಬಾಯಿ

ಕುರಿಯ ಒಡಲಿನಿಂದ ಬಿಡಿಸಿ ತೆಗೆದ ಈಲಿ, ಆ ಕಪ್ಪು ಯಕೃತ್ತು, ಸಾರ್ಸೆನ್‌ನ ಅಂಗೈ ಮೇಲೆ ಇನ್ನೂ ಬೆಚ್ಚಗೆ ಕೂತಿತ್ತು. ಬಿಸ್ಮಿಲ್ಲಾ ಹೇಳಿಯೇ ಕೊಯ್ದಿದ್ದ, ಕುರಿಯ ಮುಖ ಮೆಕ್ಕಾ ಇರುವ ಕಿಬ್ಲಾದ ಕಡೆಗೇ ಇತ್ತು, ರಕ್ತವೆಲ್ಲ ಬೋಗುಣಿಗೆ ಹರಿದು ಹೆಪ್ಪುಗಟ್ಟಿತ್ತು, ಯಾವುದರಲ್ಲೂ ಲೋಪವಿರಲಿಲ್ಲ. ಆದರೂ ಆ ಬಿಸಿ ಅವನಿಗೆ ಹೇಸಿಗೆ ತಂದಿತು. ಪ್ರಾಣ ಹೋದ ಮೇಲೂ ಇಷ್ಟು ಹೊತ್ತು ಬೆಚ್ಚಗಿರುವ ಹಕ್ಕನ್ನು ಇದಕ್ಕೆ ಯಾರು ಕೊಟ್ಟರು ಎಂದು ಒಂದು ಕ್ಷಣ ಸಿಟ್ಟೇ ಬಂತು. ಈಲಿಯನ್ನು ತಟ್ಟೆಗೆ ಹಾಕಿ, ಬಾಲದ ಕೊಬ್ಬಿನ ದೊಡ್ಡ ಬಿಳಿಯ ಗಡ್ಡೆಯನ್ನು ಪಕ್ಕದಲ್ಲಿಟ್ಟು, ಚಾಕುವನ್ನು ಹುಲ್ಲಿಗೆ ಒರೆಸಿದ. ಇವತ್ತು ಮಧ್ಯಾಹ್ನ ಇವೆರಡನ್ನೂ ಬೇಯಿಸಿ, ತೆಳ್ಳಗೆ ಸೀಳಿ, ಹುಳಿಮೊಸರಿನಲ್ಲಿ ಅದ್ದಿ, ಹುಡುಗಿಯ ತಂದೆ ತನ್ನ ಕೈಯಾರೆ ಹುಡುಗನ ತಂದೆಯ ಬಾಯಿಗಿಡಬೇಕು. ಅವನೂ ಇವನ ಬಾಯಿಗಿಡಬೇಕು. ಈಲಿ-ಕೊಬ್ಬು ತಿಂದ ಮೇಲೆ ಆ ಸಂಬಂಧವನ್ನು ಮುರಿಯುವ ಗಂಡಸು ಈ ಹುಲ್ಲುಗಾವಲಿನಲ್ಲಿ ಹುಟ್ಟಿಲ್ಲ. ಮಗಳು ನೆಸಿಬೆಲಿಗೆ ಬಂದ ಎರಡು ಸಂಬಂಧಗಳು ಈ ತಟ್ಟೆಯವರೆಗೆ ಬರದೆಯೇ ಮುರಿದಿದ್ದವು. ಯಾಕೆ ಎಂದು ಆ ಮನೆಯವರು ಬಾಯಿಬಿಟ್ಟು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಆ ಕಾರಣ ಈಗಲೂ ಮನೆಯ ಗೋಡೆಗೆ ಬೆನ್ನು ಕೊಟ್ಟು ಬಿಸಿಲಿನಲ್ಲಿ ಕೂತು ಏನನ್ನೋ ಕಡಿಯುತ್ತಿತ್ತು.

ಅವನ ತಾಯಿ ಉಲ್ಬಿಕೆ ಒಣಮೊಸರಿನ ಉಂಡೆಯೊಂದನ್ನು ದವಡೆಗೆ ಒತ್ತಿಕೊಂಡಿದ್ದಳು. ಕಟ್, ಕಟ್ ಎನ್ನುವ ಆ ಸದ್ದು ಅಂಗಳ ದಾಟಿ ಅವನವರೆಗೂ ಬರುತ್ತಿತ್ತು. ಅವಳ ವಾರಿಗೆಯ ಮುದುಕಿಯರೆಲ್ಲ ಆ ಉಂಡೆಯನ್ನು ಚಹಾದಲ್ಲಿ ನೆನೆಸಿ ಚೀಪುವವರು. ಇವಳ ಹಲ್ಲು ಒಂದೂ ಬಿದ್ದಿರಲಿಲ್ಲ. ಹೇಗೆ ಬೀಳುತ್ತವೆ, ಅವಳು ತಿಂದದ್ದು ನಾವು ತಿಂದದ್ದಲ್ಲವಲ್ಲ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಆಡಿಕೊಳ್ಳುತ್ತಿದ್ದುದನ್ನು ಸಾರ್ಸೆನ್ ಹುಡುಗನಾಗಿದ್ದಾಗಲೇ ಕೇಳಿದ್ದ. ಆಗಿನಿಂದ ಅವಳು ಉಣ್ಣುವಾಗ ಅವನು ಬೇರೆ ಕಡೆ ನೋಡುತ್ತ ಬಂದಿದ್ದ. ನೋಡದಿದ್ದರೂ ಕಾಣುತ್ತಿತ್ತು: ಮೇಲಕ್ಕೂ ಕೆಳಕ್ಕೂ ಆಡುವ ಆ ದವಡೆ, ಒಂದು ಬದಿಗೆ ಉಬ್ಬುವ ಕೆನ್ನೆ, ನುಂಗುವಾಗ ಗಂಟಲಿನಲ್ಲಿ ಇಳಿಯುವ ಗಂಟು. ದೇವರು ಮನುಷ್ಯನಿಗೆ ಮುಚ್ಚಿಕೊಳ್ಳಲು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಶಾಲೆಯಲ್ಲಿ ಒಂದು ದಿನ ರೊಟ್ಟಿ ಮರೆತು ಬಂದಿದ್ದಾಗ ಪಕ್ಕದ ಹುಡುಗ ತನ್ನ ತೋಳನ್ನು ಅವನ ಮೂಗಿನ ಕೆಳಗೆ ಚಾಚಿ, ಹಸಿವಾದರೆ ಕಚ್ಚೋ, ನಿಮ್ಮವ್ವ ಉಪ್ಪು ಹಾಕ್ತಿದ್ದಳೋ ಇಲ್ಲವೋ ಎಂದು ಕೇಳಿದ್ದ. ಇಡೀ ತರಗತಿ ನಕ್ಕಿತು. ಮೇಷ್ಟರೂ ಹಲಗೆಯ ಕಡೆ ತಿರುಗಿ ನಕ್ಕಿದ್ದು ಅವರ ಭುಜ ಕುಲುಕಿದ್ದರಿಂದ ಗೊತ್ತಾಯಿತು. ಆವತ್ತು ಮನೆಗೆ ಬಂದವನು ಮೇಷ್ಟರಿಗಾಗಲೀ ಹುಡುಗನಿಗಾಗಲೀ ಅಲ್ಲ, ಒಲೆಯ ಮುಂದೆ ಕೂತಿದ್ದ ತಾಯಿಗೆ ಎದುರು ನಿಂತು ಉಗಿದಿದ್ದ. ಅವಳು ತಲೆವಸ್ತ್ರದ ಅಂಚಿನಿಂದ ಮುಖ ಒರೆಸಿಕೊಂಡು ಒಲೆಗೆ ಇನ್ನೊಂದು ಬೆರಣಿ ಹಾಕಿದಳು.

ಇದೆಲ್ಲ ಶುರುವಾದದ್ದು ದನಕುರಿಗಳನ್ನೆಲ್ಲ ಸರ್ಕಾರದವರು ಹೊಡೆದುಕೊಂಡು ಹೋದ ವರ್ಷದ ಚಳಿಗಾಲದಲ್ಲಿ, ಜನ ಹಸಿವಿನಿಂದ ಸಾಲುಸಾಲಾಗಿ ಸತ್ತಾಗ. ಆ ಚಳಿಗಾಲ ಎಂದಷ್ಟೇ ಹೇಳುತ್ತಿದ್ದರು, ಅದಕ್ಕಿಂತ ಹೆಚ್ಚು ಹೇಳುವುದು ಆಗ ಅಪರಾಧವಾಗಿತ್ತು, ಈಗ ಅಭ್ಯಾಸವಾಗಿತ್ತು. ಸಾರ್ಸೆನ್ ಆಗ ಇನ್ನೂ ಲಂಗೋಟಿ ಬಿಡದ, ಆಗಷ್ಟೇ ಮಾತು ಬಂದಿದ್ದ ಕೂಸು. ಧಾನ್ಯ ಹುಡುಕಿಕೊಂಡು ಪಟ್ಟಣಕ್ಕೆ ಹೋದ ತಂದೆ ದಾರಿಯಲ್ಲೇ ಹಿಮದ ಕೆಳಗೆ ಉಳಿದ. ಅಕ್ಕ ಬೋಪೆಶ್, ನೆಲ ಅಗೆದು ಮಾಡಿಕೊಂಡಿದ್ದ ಚಳಿಗಾಲದ ನೆಲಮನೆಯಲ್ಲೇ ತೀರಿಕೊಂಡಳು. ಹಿಮ ಕರಗಿದ ಮೇಲೆ ಆ ಕಡೆ ಬಂದ ಯಾರೋ ದಾರಿಹೋಕರು, ಸಾಲಾಗಿ ಸತ್ತ ಮನೆಗಳ ನಡುವೆ ಒಂದೇ ಒಂದು ಮನೆಯಿಂದ ಹೊಗೆ ಏಳುವುದನ್ನು ಕಂಡು ಒಳಗಿಳಿದರೆ, ಒಬ್ಬ ಹೆಂಗಸು, ಒಂದು ಮಗು, ಬೆಚ್ಚಗಿದ್ದ ಒಂದು ಮಡಕೆ. ಮಡಕೆಯಲ್ಲಿ ಏನಿತ್ತು ಎಂದು ಅವರು ನೋಡಿದರೋ ಇಲ್ಲವೋ, ಊರಿಗಂತೂ ಹೇಳಿದರು. ಊರು ಆ ಕಥೆಗೆ ತನ್ನದೇ ಒಂದು ರೂಪ ಕೊಟ್ಟುಕೊಂಡಿತು: ಅವಳು ತಾನು 'ಅದನ್ನು' ತಿಂದಳು, ಮಗನಿಗೆ ಮಾತ್ರ ನೆಲದಳಿಲು ಹಿಡಿದು ಬೇಯಿಸಿ ಕೊಟ್ಟಳು. ಈ ನೆಲದಳಿಲಿನ ಮಾತು ಉಲ್ಬಿಕೆಯ ಬಾಯಿಂದಲೇ ಬಂದದ್ದು. ಒಮ್ಮೆ ಬಾವಿಯ ಹತ್ತಿರ ಜಗಳವಾಗಿ ಹೆಂಗಸರು ಸುತ್ತುಗಟ್ಟಿದಾಗ ಅವಳು, ನನ್ನ ಮಗನ ಬಾಯಿಗೆ ನೆಲದಳಿಲು ಬಿಟ್ಟು ಬೇರೇನೂ ಹೋಗಿಲ್ಲ, ನನ್ನ ಬಾಯಿ ವಿಷಯ ನೀವು ಏನು ಬೇಕಾದರೂ ಹೇಳಿಕೊಳ್ಳಿ ಎಂದು ಕೊಡ ಎತ್ತಿಕೊಂಡು ನಡೆದಿದ್ದಳು. ಆ ಮೇಲೆ ಅವಳು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಹೆರಿಗೆಯ ಮನೆಗೆ ಅವಳನ್ನು ಕರೆಯುತ್ತಿರಲಿಲ್ಲ. ಹಬ್ಬದ ದಿನ ಅವಳ ಮನೆಯಿಂದ ಹೋದ ತಟ್ಟೆ ನಾಯಿಯ ಮುಂದೆ ಖಾಲಿಯಾಗಿ ವಾಪಸು ಬರುತ್ತಿತ್ತು. ಸಾರ್ಸೆನ್‌ಗೆ ಇದರಲ್ಲಿ ಒಂದೇ ಸಮಾಧಾನ: ತಾನು ಆ ಮಡಕೆಯ ಆಚೆಗೆ ಉಳಿದವನು. ತಾಯಿ ಬೇರೆ, ತಾನು ಬೇರೆ.

ಚಾಕು ತೊಳೆದುಕೊಂಡು ಅವನು ಅವಳ ಮುಂದೆ ಹೋಗಿ ನಿಂತ. ಎರಡು ದಿನದಿಂದ ಗಂಟಲಿನಲ್ಲೇ ಇಟ್ಟುಕೊಂಡಿದ್ದ ಮಾತನ್ನು ಇನ್ನು ಇಟ್ಟುಕೊಳ್ಳುವಂತಿರಲಿಲ್ಲ.

"ಅವ್ವಾ, ಮುಕಿಶ್ ಬೀಗರು ಒಂದು ಮಾತು ಹೇಳಿ ಕಳಿಸಿದಾರೆ."

"ಅವನಿನ್ನೂ ಬೀಗ ಆಗಿಲ್ಲ. ಹೇಳು."

"ಈಲಿ-ಕೊಬ್ಬು ಮುಟ್ಟೋ ಮುಂಚೆ ನೀನು ರೊಟ್ಟಿ ಹಿಡ್ಕೊಂಡು ಆಣೆ ಮಾಡ್ಬೇಕಂತೆ."

"ಏನಂತ?"

"ಏನಂತ ನಿನಗೆ ಗೊತ್ತು."

"ನನಗೆ ಗೊತ್ತಿರೋದು ಸುಮಾರಿದೆ. ಅದರಲ್ಲಿ ಯಾವುದು ಅವರಿಗೆ ಬೇಕಂತೆ?"

ಹೇಳಬೇಕಾಯಿತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಆ ಶಬ್ದಗಳನ್ನು ಅವನು ಅವಳ ಮುಂದೆ ಆಡಿರಲಿಲ್ಲ. "ಆ ಚಳಿಗಾಲ ಮನುಷ್ಯರ ಮಾಂಸ ತಿಂದಿಲ್ಲ ಅಂತ."

ಕಟ್, ಕಟ್ ನಿಂತಿತು. ಉಲ್ಬಿಕೆ ಬಾಯಿಂದ ಮೊಸರುಂಡೆಯನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. "ಹಿಡಿಯಲ್ಲ," ಅಂದಳು.

"ಸುಳ್ಳು ಆಣೆಗೆ ಅಷ್ಟು ಭಯಾನಾ? ತಿನ್ನೋವಾಗ ಎಲ್ಲಿ ಹೋಗಿತ್ತು ಈ ಭಯ?"

"ನನ್ನನ್ನ ಹಿಂಗೇ ಇರೋಕೆ ಬಿಡೋ. ನಾನು ಹಿಂಗಿದ್ರೆ ನಿನಗೇ ಒಳ್ಳೇದು."

"ಏನು ಒಳ್ಳೇದು? ಹೇಳು, ಏನು ಒಳ್ಳೇದಾಗಿದೆ ನನಗೆ? ಊರಿನ ಪಂಪೆಲ್ಲ ರಿಪೇರಿ ಮಾಡ್ತೀನಿ, ನೀರು ಬಂದ ಮೇಲೆ ನನಗೊಂದು ಬಟ್ಟಲು ಚಹಾ ಕೊಡೋಕೆ ಹಿಂದೆಮುಂದೆ ನೋಡ್ತಾರೆ. ನಿನ್ನ ಬಾಯಿ ಮಾಡಿದ್ದು ನನ್ನ ತಲೆ ಮೇಲೆ ಕೂತಿದೆ."

ಬಾಗಿಲಲ್ಲಿ ನೆಸಿಬೆಲಿ ನಿಂತಿದ್ದಳು. ಹೊಸ ಲಂಗ ತೊಟ್ಟು, ಅದಕ್ಕೆ ಹಿಟ್ಟು ತಾಗದಂತೆ ಕೈಗಳನ್ನು ದೂರ ಹಿಡಿದುಕೊಂಡಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಅಜ್ಜಿ ಆಣೆ ಮಾಡದಿದ್ರೆ ಬಿಡಿ ಅಪ್ಪ," ಅಂದಳು ಸಣ್ಣ ದನಿಯಲ್ಲಿ. "ಆದರೆ ನಾನು ಇನ್ನೊಂದು ಚಳಿಗಾಲ ಇವರ ಜೊತೆ ಈ ಮನೇಲಿ ಇರಲ್ಲ. ಯಾವುದಾದ್ರೂ ಲಾರಿ ಹತ್ತಿ ಹೋಗ್ತೀನಿ. ಯಾರ ಜೊತೆಗಾದ್ರೂ."

ಮುದುಕಿ ಮೊಮ್ಮಗಳನ್ನು ನೋಡಿದಳು. ಹೊಸ ಲಂಗವನ್ನೂ, ಹಿಟ್ಟಿನ ಕೈಗಳನ್ನೂ, ಆ ಬಿಗಿದ ತುಟಿಗಳನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು. ಆ ನೋಟದಲ್ಲಿ ಕರುಣೆಯಿದ್ದಿದ್ದರೆ ಅವನಿಗೆ ಅದನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು, ಆದರೆ ಅಲ್ಲಿದ್ದದ್ದು ಬರೀ ದಣಿವು. "ಇವಳಿಗೋಸ್ಕರ ಹಿಡೀತೀನಿ," ಅಂದಳು. "ನಿನಗೋಸ್ಕರ ಅಲ್ಲ. ನಾಳೆ ನನ್ನ ಹತ್ರ ಬಂದು ಅಳಬೇಡ."

ಬೀಗರು ಬಂದರು. ಧೂಳೆಬ್ಬಿಸಿಕೊಂಡು ಬಂದ ಲಾರಿಯಿಂದ ಮೊದಲು ಮುಕಿಶ್‌ನ ಹೊಟ್ಟೆ ಇಳಿಯಿತು, ಅದರ ಹಿಂದೆ ಮುಕಿಶ್. ಕುದುರೆಮಂದೆಯ ಮೇಲ್ವಿಚಾರಕ; ದನಿ ಇನ್ನೂ ಬಯಲಿನಲ್ಲೇ ಇದ್ದಂತೆ ಮಾತಾಡುವವನು. "ಏನು ಬೀಗರೇ, ನಿಮ್ಮ ನಾಯಿ ಬೊಗಳಲೇ ಇಲ್ಲವಲ್ಲ! ಹುಡುಗಿ ದಾಟಿಸೋಕೆ ಅದಕ್ಕೂ ಇಷ್ಟು ಅವಸರವಾ?"

"ನಿಮ್ಮ ಹೊಟ್ಟೆ ನೋಡಿ ಬಸುರಿ ಕುದುರೆ ಬಂತು ಅಂದ್ಕೊಂಡಿರ್ತದೆ, ಬೀಗರೇ," ಎಂದಳು ಸಾರ್ಸೆನ್‌ನ ಹೆಂಡತಿ ಕನಿಪಾ, ಒದ್ದೆ ಕೈ ಒರೆಸಿಕೊಳ್ಳುತ್ತ. "ಬಸುರಿಯರಿಗೆ ನಮ್ಮ ನಾಯಿ ಬೊಗಳಲ್ಲ."

ಎಲ್ಲರೂ ನಕ್ಕರು. ಮುಕಿಶ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗುವಿನ ನಡುವೆ ಸಾರ್ಸೆನ್ ಮಾತ್ರ ಒಬ್ಬಳನ್ನು ಕಂಡ: ಮುಕಿಶ್‌ನ ತೀರಿಹೋದ ಅಣ್ಣನ ಹೆಂಡತಿ ಕುಲಾಂದಾ, ಬಿಳಿಯ ತಲೆವಸ್ತ್ರ, ಒಣಗಿದ ಸಣ್ಣ ಮುಖ. ಅವಳು ನಗುತ್ತಿರಲಿಲ್ಲ. ಆಣೆಯ ಮಾತು ಅವಳದ್ದೇ ಎಂದು ಅವನಿಗೆ ಆಗಲೇ ಹೊಳೆಯಿತು. ಒಳಗೆ ಹಾಸಿದ ಬಟ್ಟೆಯ ಸುತ್ತ ಕೂತ ಮೇಲೆ ಕನಿಪಾ ಚಹಾ ಬಗ್ಗಿಸಿದಳು, ಬಟ್ಟಲು ಕೈಯಿಂದ ಕೈಗೆ ದಾಟುತ್ತ ಹೋಯಿತು. ಉಲ್ಬಿಕೆಯ ಕೈಯಿಂದ ಬಂದ ಬಟ್ಟಲನ್ನು ಕುಲಾಂದಾ ತೆಗೆದುಕೊಂಡು, ಕುಡಿಯದೆ, ಮುಂದಿನವರಿಗೂ ಕೊಡದೆ, ತನ್ನ ಮುಂದೆ ಇಟ್ಟು, ಬೆರಳುಗಳನ್ನು ಮೊಣಕಾಲಿನ ಬಟ್ಟೆಗೆ ಒಂದೊಂದಾಗಿ ಒರೆಸಿಕೊಂಡಳು. ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತು. ಸಾರ್ಸೆನ್ ಆ ಕೆನೆಯನ್ನೇ ನೋಡುತ್ತ ಕೂತ. ಬಾಗಿಲ ಬಳಿ ನೆರೆಮನೆಯ ಬಾಲ್ಕಿಯಾ ಮತ್ತಿತರ ಹೆಂಗಸರು ನೆರೆದಿದ್ದರು. ಅಡುಗೆಗೆ ಕೈಹಾಕಲು ಬಂದವರಂತೆ ಅಂಗಿಯ ತೋಳು ಮೇಲೇರಿಸಿಕೊಂಡಿದ್ದರೂ ಅವರು ಬಂದದ್ದು ನೋಡುವುದಕ್ಕೆ. ತನ್ನ ಮನೆಯ ಮಾನ ಈ ಹೊತ್ತು ಹುಳಿಮೊಸರಿನ ಬಟ್ಟಲಿನಲ್ಲಿ ತೇಲುತ್ತಿದೆ, ಅದನ್ನು ಯಾರಾದರೂ ಬೆರಳಿನಿಂದ ಎತ್ತಿ ನೆಕ್ಕಬಹುದು, ಇಲ್ಲವೇ ಚೆಲ್ಲಬಹುದು ಎಂದು ಅವನಿಗೆ ಅನ್ನಿಸಿತು. ತಾಯಿ ಸುಳ್ಳು ಹೇಳಲಿ, ದೇವರೇ, ಚೆನ್ನಾಗಿ ಹೇಳಲಿ ಎಂದು ಬೇಡಿಕೊಂಡ, ಬೇಡಿಕೊಂಡದ್ದಕ್ಕೆ ನಾಚಿಕೆಪಟ್ಟ, ನಾಚಿಕೆಪಟ್ಟದ್ದಕ್ಕೆ ಮತ್ತೆ ಅವಳ ಮೇಲೇ ಸಿಟ್ಟಾದ.

ಈಲಿ-ಕೊಬ್ಬಿನ ತಟ್ಟೆ ಬಂತು. ಬಿಳಿ, ಕಪ್ಪು, ಬಿಳಿ, ಕಪ್ಪು ಎಂದು ಸೀಳುಗಳನ್ನು ಕನಿಪಾ ಚೆಂದವಾಗಿ ಜೋಡಿಸಿದ್ದಳು. ಮುಕಿಶ್ ಮುಂದಕ್ಕೆ ಬಾಗಿದ. ಕುಲಾಂದಾ ಅವನ ತೋಳು ಹಿಡಿದಳು.

"ತಡಿ ಮೈದುನ. ಮೊದಲು ಮಾತು."

"ಊಟ ಆದ್ಮೇಲೆ ಆಗ್ಬಾರದಾ ಅತ್ತಿಗೆ?"

"ಊಟ ಆದ್ಮೇಲೆ ಮಾತಾಡಿ ಏನು, ವಾಂತಿ ಮಾಡ್ತೀಯಾ?" ಕುಲಾಂದಾ ಬಟ್ಟೆಯ ಮೇಲಿದ್ದ ದುಂಡು ರೊಟ್ಟಿಯನ್ನು ಎತ್ತಿ ಉಲ್ಬಿಕೆಯ ಕಡೆ ಚಾಚಿದಳು. "ನೋಡು ಬೀಗಿತ್ತಿ, ನನಗೆ ನಿನ್ನ ಮೇಲೆ ಹಗೆ ಇಲ್ಲ. ಆದರೆ ನಮ್ಮ ಹುಡುಗ ಈ ಮನೆ ಅನ್ನ ಉಣ್ಣೋನು. ಆ ಚಳಿಗಾಲ ಹಸಿವು ನಿನಗೊಬ್ಬಳಿಗೇ ಇರಲಿಲ್ಲ. ನಮ್ಮವ್ವ ಕುದುರೆ ಜೀನಿನ ತೊಗಲು ಬೇಯಿಸಿದಳು, ಹುಲ್ಲಿನ ಬೇರು ಬೇಯಿಸಿದಳು. ಪಕ್ಕದಲ್ಲೇ ಹೆಣ ಇದ್ದವು, ಮುಟ್ಟಲಿಲ್ಲ. ಮನುಷ್ಯಳಾಗೇ ಸತ್ತಳು."

"ಪುಣ್ಯವಂತೆ," ಎಂದಳು ಉಲ್ಬಿಕೆ. "ನಿನ್ನ ತಮ್ಮಂದಿರು?"

"ಸತ್ತರು."

"ಅವರೂ ಮನುಷ್ಯರಾಗೇ ಸತ್ತರಾ? ಇಲ್ಲಾ ಹಸಿದ ಮಕ್ಕಳಾಗಿ ಸತ್ತರಾ?"

ಕುಲಾಂದಾಳ ಮುಖದಲ್ಲಿ ಏನೋ ಮುರಿದು ಮತ್ತೆ ಕೂಡಿಕೊಂಡಿತು. "ಹಿಡಿ ರೊಟ್ಟಿ," ಎಂದಳು ಕುಲಾಂದಾ ಕರ್ಕಶವಾಗಿ. "ಮೊದಲು ನಿನ್ನ ಬಾಯಿ. ಆಮೇಲೆ ನಿನ್ನ ಮನೆ. ಎರಡಕ್ಕೂ ಹೇಳು."

ಉಲ್ಬಿಕೆ ಎರಡೂ ಕೈಯಿಂದ ರೊಟ್ಟಿ ತೆಗೆದುಕೊಂಡಳು. ಹಣೆಗೆ ಒತ್ತಿಕೊಂಡಳು, ತುಟಿಗೆ ಒತ್ತಿಕೊಂಡಳು, ಎದೆಯ ಮುಂದೆ ಹಿಡಿದಳು. "ಸುಳ್ಳಾದರೆ ಈ ರೊಟ್ಟಿ ನನ್ನನ್ನ ಹೊಡೀಲಿ," ಅಂದಳು. "ಮನುಷ್ಯರ ಮಾಂಸ ನನ್ನ ಬಾಯಿಗೆ ಹೋಗಿಲ್ಲ. ಆ ಚಳಿಗಾಲವೂ ಇಲ್ಲ, ಹಿಂದೆಮುಂದೆಯೂ ಇಲ್ಲ."

ದನಿ ಏರಲಿಲ್ಲ, ನಡುಗಲೂ ಇಲ್ಲ. ಎಷ್ಟು ಚೆನ್ನಾಗಿ ಹೇಳಿದಳು ಎಂದು ಸಾರ್ಸೆನ್‌ನ ಎದೆ ಹಗುರಾಯಿತು, ಮತ್ತು ಆ ಹಗುರ ಪೂರ್ತಿ ಮೇಲೇಳುವ ಮೊದಲೇ ಅಲ್ಲೇ ನಿಂತಿತು. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಎತ್ತಿ ಕಣ್ಣಿಗೊತ್ತಿಕೊಂಡು ಹಕ್ಕಿಗಿಡುವ ಹೆಂಗಸು ಇವಳು. ಇವಳ ಐದು ಹೊತ್ತಿನ ನಮಾಜು ಯಾವ ಸರ್ಕಾರ ಬೇಡವೆಂದರೂ ತಪ್ಪಿರಲಿಲ್ಲ. ಇವಳು ರೊಟ್ಟಿ ಹಿಡಿದು ಸುಳ್ಳು ಹೇಳುವವಳಲ್ಲ. ಹಾಗಾದರೆ ಅದು ನಿಜ. ಹಾಗಾದರೆ ಇಷ್ಟು ವರ್ಷ ಯಾವತ್ತು ಬೇಕಾದರೂ, ಬಾವಿಕಟ್ಟೆಯಲ್ಲಿ, ಶಾಲೆಯ ಬಾಗಿಲಲ್ಲಿ, ಒಂದು ರೊಟ್ಟಿ ಎತ್ತಿ ಈ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಯಾಕೆ ಆಡಲಿಲ್ಲ?

"ಇನ್ನೊಂದು," ಎಂದಳು ಕುಲಾಂದಾ. "ನಿನ್ನ ಮನೆಯಲ್ಲಿ ಯಾರ ಬಾಯಿಗೂ ಹೋಗಿಲ್ಲ ಅನ್ನು."

ಉಲ್ಬಿಕೆ ರೊಟ್ಟಿಯನ್ನು ಮೆಲ್ಲಗೆ ಬಟ್ಟೆಯ ಮೇಲೆ ಇಳಿಸಿದಳು. "ನನ್ನ ಬಾಯಿ ನನ್ನದು. ಅದರದ್ದು ಹೇಳಿದೆ."

"ಸಾಕು ಬಿಡಿ ಅತ್ತಿಗೆ!" ಮುಕಿಶ್ ತೊಡೆ ತಟ್ಟಿಕೊಂಡ. ಹಸಿವಿಗೂ ಸಂತೋಷಕ್ಕೂ ಅವನ ಮುಖ ಕೆಂಪಾಗಿತ್ತು. "ಮನೇಲಿ ಇನ್ಯಾರು ಇದ್ದರು? ಮೂಗು ಒರೆಸ್ಕೊಳ್ಳೋಕೆ ಬರದ ಈ ನಮ್ಮ ಬೀಗ! ಇವನಿಗೆ ನೆಲದಳಿಲು ಹಿಡಿದು ತಿನ್ನಿಸಿದ್ದು ಜಿಲ್ಲೆಗೇ ಗೊತ್ತು. ಅಯ್ಯೋ ತಾಯಿ, ಎಂಥ ಮಾತನ್ನ ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೆ! ನಿನ್ನ ಮೇಲೆ ಹೇಳಿದವರ ನಾಲಿಗೆ ಸೇದಿಹೋಗ."

ಬಾಗಿಲ ಹೆಂಗಸರಲ್ಲಿ ಒಬ್ಬಳು ಬಿಕ್ಕಿದಳು. ಸಾರ್ಸೆನ್‌ಗೆ ಏನೂ ಕೇಳಿಸಲಿಲ್ಲ. ನೆಲದಳಿಲು, ಎಂದುಕೊಂಡ. ಎಳವೆಯಿಂದ ಈ ಬಯಲಿನಲ್ಲಿ ಬೆಳೆದವನು, ಕುರಿ ಕಾಯುತ್ತ ಬಿಲಕ್ಕೆ ನೀರು ಹೊಯ್ದು ನೆಲದಳಿಲು ಹಿಡಿದವನು. ಬೇಸಗೆ ಮುಗಿಯುವ ಮೊದಲೇ ಅವು ಕೊಬ್ಬಿಕೊಂಡು ಬಿಲ ಹೊಕ್ಕು ಬಾಯಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಹಿಮ ಕರಗಿ ಹೊಸ ಹುಲ್ಲು ಕಾಣುವವರೆಗೆ ಒಂದೇ ಒಂದು ನೆಲದಳಿಲು ಈ ನೆಲದ ಮೇಲೆ ಓಡಾಡುವುದಿಲ್ಲ. ನೆಲ ಕಬ್ಬಿಣವಾಗಿರುತ್ತದೆ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ, ಸತ್ತವರನ್ನೇ ಹೂಳಲಾಗದ ಆ ಚಳಿಗಾಲದಲ್ಲಿ ಅನ್ನವಿಲ್ಲದ ಒಬ್ಬ ಹೆಂಗಸು ನೆಲ ಅಗೆದು ಅಳಿಲು ತೆಗೆದಳೇ? ಕುರಿ ಕಾಯುವ ಯಾವ ಹುಡುಗನಿಗೂ ಗೊತ್ತಿರುವ ವಿಷಯ. ತನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಆ ಮಡಕೆಯ ಪಕ್ಕಕ್ಕೆ ಒಂದು ದಿನವೂ ತಂದು ಇಟ್ಟಿರಲಿಲ್ಲ. ಈಗ ತಾನಾಗಿಯೇ ಬಂದು ಕೂತಿತು. ಅದರ ಹಿಂದೆಯೇ, ಕರೆಯದೆ, ಆ ಕತ್ತಲ ನೆಲಮನೆಯೂ ಬಂತು. ಮರದ ಚಮಚ, ಅದರ ಅಂಚಿನ ಸೀಳು ತುಟಿಗೆ ಚುಚ್ಚುತ್ತಿದ್ದದ್ದು, ಬಿಸಿ, ನಾಲಿಗೆಯ ಮೇಲೆ ಹರಡುವ ಒಂದು ಸಿಹಿಯಾದ ಬಿಸಿ. ಚಮಚ ಹಿಡಿದ ಕೈಯ ಆಚೆ ತಾಯಿಯ ಮುಖ ಗೋಡೆಯ ಕಡೆ ತಿರುಗಿತ್ತು. ಅಕ್ಕ ಮಲಗುತ್ತಿದ್ದ ಮೂಲೆಯಲ್ಲಿ ಕಂಬಳಿ ಮಡಿಸಿಟ್ಟಿತ್ತು.

ತಲೆ ಎತ್ತಿದಾಗ ಕುಲಾಂದಾ ಅವನನ್ನೇ ನೋಡುತ್ತಿದ್ದಳು. ಕಣ್ಣನ್ನಲ್ಲ, ಬಾಯನ್ನು. ಅವಳಿಗೂ ನೆಲದಳಿಲಿನ ಚಳಿಗಾಲ ಗೊತ್ತಿತ್ತು. ಅವಳ ತುಟಿ ತೆರೆಯಿತು. ಈಗ ಹೇಳುತ್ತಾಳೆ, ಒಂದೇ ಮಾತು ಸಾಕು, ಲಾರಿ ತಿರುಗುತ್ತದೆ, ಧೂಳು ಏಳುತ್ತದೆ ಎಂದು ಅವನು ಕಾದ. ಹೇಳಲಿ ಎಂದು ಒಂದು ಕ್ಷಣ ಆಸೆಯೂ ಆಯಿತು. ಅವಳು ಹೇಳಲಿಲ್ಲ. ತಲೆವಸ್ತ್ರದ ಅಂಚನ್ನು ಎಳೆದು ತನ್ನ ಬಾಯಿ ಮುಚ್ಚಿಕೊಂಡು, ತನ್ನ ಆ ತಮ್ಮಂದಿರೆಲ್ಲ ಅಲ್ಲಿ ಹಾಸಿನ ಮೇಲೆ ಮಲಗಿದ್ದಾರೋ ಎಂಬಂತೆ ನೆಲ ನೋಡುತ್ತ ಕೂತಳು.

"ಎಲ್ಲಿ ಬೀಗರೇ, ನಿದ್ದೆ ಬಂತಾ?" ಮುಕಿಶ್ ಬಾಯಿ ಅಗಲಿಸಿದ. ಒಳಗೆ ಚಿನ್ನದ ಹಲ್ಲೊಂದು ಹೊಳೆಯಿತು. ರೊಟ್ಟಿ ಇನ್ನೂ ಹಾಸಿನ ಮೇಲೇ ಇತ್ತು, ಸಾರ್ಸೆನ್‌ನ ಮೊಣಕಾಲಿನಿಂದ ಒಂದು ಗೇಣು. ಅದನ್ನು ಎತ್ತಿ ಹಿಡಿದು, ತಿಂದವನು ನಾನು ಎನ್ನಬಹುದಿತ್ತು. ಬಾಗಿಲ ಸಂದಿಯಲ್ಲಿ ನೆಸಿಬೆಲಿಯ ಹೊಸ ಲಂಗದ ಅಂಚು ಕಾಣುತ್ತಿತ್ತು, ಅದು ಅಲುಗಾಡುತ್ತಿರಲಿಲ್ಲ. ಅವನ ಕೈ ರೊಟ್ಟಿಯನ್ನು ದಾಟಿ ತಟ್ಟೆಗೆ ಹೋಯಿತು. ಈಲಿಯ ಒಂದು ಸೀಳು, ಕೊಬ್ಬಿನ ಒಂದು ಸೀಳು, ಮೊಸರಿನಲ್ಲಿ ಅದ್ದಿ ಬೀಗನ ಬಾಯಿಗಿಟ್ಟ. ಮುಕಿಶ್ ಗಲ್ಲಕ್ಕೆ ಮೊಸರು ಸೋರಿಸಿಕೊಂಡು ನುಂಗಿದ, ತನ್ನ ದಪ್ಪ ಬೆರಳುಗಳಿಂದ ಇನ್ನೊಂದು ಹಿಡಿ ಎತ್ತಿ ಇವನ ತುಟಿಗೆ ಒತ್ತಿದ. ಸಾರ್ಸೆನ್ ಬಾಯಿ ತೆರೆದ. ಅಗಿದ. ಅಗಿಯುವ ಸದ್ದು ತನ್ನದೇ ತಲೆಬುರುಡೆಯಲ್ಲಿ ಕೇಳಿಸಿತು. ರೂಢಿಯಂತೆ ಉಳಿದ ಮೊಸರನ್ನು ಮುಕಿಶ್ ಅವನ ಮುಖಕ್ಕೆ ಬಳಿದಾಗ ಎಲ್ಲರೂ ಹೋ ಎಂದು ಕೂಗಿದರು, ಮತ್ತು ಕನಿಪಾ ಜೋರಾಗಿ ಅಳತೊಡಗಿದಳು, ಸಂಬಂಧ ಕೂಡಿತ್ತು.

ಗದ್ದಲದಲ್ಲಿ ಉಲ್ಬಿಕೆ ಎದ್ದು ಹೋಗಿದ್ದಳು. ಮನೆಯ ಹಿಂದೆ, ಕುರಿಯ ತೊಗಲನ್ನು ಬಿಡಿಸಿ ಹಾಕಿದ್ದ ಬೇಲಿಯ ಪಕ್ಕದಲ್ಲಿ ಅವಳು ನಿಂತಿದ್ದಳು. ಸಾರ್ಸೆನ್ ಮುಖದ ಮೊಸರನ್ನು ಒರೆಸದೆಯೇ ಅಲ್ಲಿಗೆ ಹೋದ.

"ಅಕ್ಕನಾ?" ಅಂದ.

ಅವಳು ಬೇಲಿಯ ಗೂಟ ಹಿಡಿದುಕೊಂಡಳು. "ಸತ್ತ ಮೇಲೆ. ಅದನ್ನ ಮಾತ್ರ ಸರಿಯಾಗಿ ತಿಳ್ಕೋ. ತಾನಾಗಿ ಸತ್ತ ಮೇಲೆ. ನಾನವಳಿಗೆ ಕಲ್ಮಾ ಹೇಳಿದೆ, ಕಣ್ಣು ಮುಚ್ಚಿದೆ, ಜಡೆ ಬಿಚ್ಚಿದೆ. ಆಮೇಲೆ."

"ನೀನು ತಿನ್ನಲಿಲ್ಲ."

"ಇಲ್ಲ."

"ನೀನು ತಿನ್ನದೆ, ನನಗೆ..." ಏನೆಂದು ಬೈಯಬೇಕೋ ಗೊತ್ತಾಗಲಿಲ್ಲ. ಹುಡುಗನಾಗಿದ್ದಾಗಿನಿಂದ ಮನಸ್ಸಿನಲ್ಲೇ ಬೈದು ರೂಢಿಯಾಗಿದ್ದ ಮಾತುಗಳು ಒಂದೂ ಈಗ ಅವಳಿಗೆ ಹೊಂದುತ್ತಿರಲಿಲ್ಲ. "ನಿನ್ನ ದೇವರಿಗೆ ಹೆದರಿದೆ. ನಿನ್ನ ಬಾಯಿ ಕಾಪಾಡ್ಕೊಂಡೆ. ನನ್ನದನ್ನ ಕೆಡಿಸಿದೆ."

ಉಲ್ಬಿಕೆ ನಕ್ಕಳು. ಹಲ್ಲುಗಳೆಲ್ಲ ಕಂಡವು. "ದೇವರಿಗೆ ಹೆದರೋಕೆ ಎಲ್ಲಿತ್ತೋ ಶಕ್ತಿ. ನನಗೂ ತಿನ್ನೋ ಆಸೆ ಇತ್ತು. ವಾಸನೆಗೆ ನನ್ನ ಹೊಟ್ಟೆ ನಾಯಿ ಥರ ಕೂಗ್ತಿತ್ತು. ಗೋಡೆ ಕಡೆ ತಿರುಗಿ ಮಣ್ಣು ಕಚ್ತಿದ್ದೆ. ಅವಳು ಎಷ್ಟು ಸಣ್ಣಗಿದ್ದಳು ಗೊತ್ತಾ ನಿನಗೆ? ಇಬ್ಬರಿಗೆ ಸಾಲ್ತಿರಲಿಲ್ಲ."

ಒಳಗೆ ಯಾರೋ ತಂತಿವಾದ್ಯ ಶ್ರುತಿ ಮಾಡತೊಡಗಿದರು. ಸಾರ್ಸೆನ್ ಬೇಲಿಯ ಇನ್ನೊಂದು ಗೂಟ ಹಿಡಿದು ಬಾಗಿದ, ಗಂಟಲಿಗೆ ಬೆರಳು ಹಾಕಿದ, ಏನೂ ಬರಲಿಲ್ಲ. ತಾಯಿ ಅವನನ್ನು ಮುಟ್ಟಲಿಲ್ಲ.

"ಕೈ ನನ್ನದು, ಅದಕ್ಕೆ ಪಾಪ ನನ್ನದು," ಅಂದಳು. "ಅವರು ನನಗೆ ಉಗೀತಿದ್ದರು. ನೀನೂ ಉಗಿದೆ. ಉಗೀಲಿ, ಒಂದೊಂದು ಉಗುಳಿಗೂ ಒಂದಿಷ್ಟು ಕಳೀತಾ ಬರ್ತಿದೆ, ಸಾಯೋ ಹೊತ್ತಿಗೆ ತೀರಿದ್ರೂ ತೀರಬಹುದು ಅಂದ್ಕೊಂಡು ಮುಖ ಒಡ್ಡಿದೆ. ಇವತ್ತು ನೀನು ನನ್ನನ್ನ ಮಡಿ ಮಾಡಿಬಿಟ್ಟೆ. ನಾಳೆಯಿಂದ ಎಲ್ಲರೂ ಕೈ ಮುಗೀತಾರೆ. ಇನ್ನು ದೇವರ ಮುಂದೆ ಏನು ಹೊತ್ಕೊಂಡು ಹೋಗ್ಲಿ?"

"ಒಂದು ಸಲ ನನಗೆ ಹೇಳಬಹುದಿತ್ತು. ಏನು ತಿನ್ತಿದ್ದೀನಿ ಅಂತ."

"ಆವತ್ತು ನೀನು ಕೇಳಲಿಲ್ಲ. ಇನ್ನಷ್ಟು ಕೊಡು ಅಂದೆ."

ಮನೆಯ ಮೂಲೆ ಬಳಸಿ ಬಾಲ್ಕಿಯಾ ಬಂದಳು. ಅತ್ತು ಕೆಂಪಾದ ಕಣ್ಣು, ಎಣ್ಣೆಗೈ. ಇಷ್ಟು ವರ್ಷ ಈ ಮನೆಯ ಉಪ್ಪನ್ನೂ ಸಾಲ ಪಡೆಯದವಳು ಬಂದು ಉಲ್ಬಿಕೆಯ ಎರಡೂ ಕೈ ಹಿಡಿದುಕೊಂಡಳು. "ಅವ್ವಾ, ನಮ್ಮನ್ನ ಕ್ಷಮಿಸಿ. ಬನ್ನಿ ಒಳಗೆ. ಹಿರಿಯರು ಉಂಡಾಯ್ತು, ಕೊನೇ ತುತ್ತು ಮಕ್ಕಳಿಗೆ ನೀವೇ ತಿನ್ನಿಸಬೇಕು ಅಂತ ಎಲ್ಲರೂ ಕಾಯ್ತಿದಾರೆ. ನಿಮ್ಮಂಥ ಕೈಯಿಂದ ಬಿದ್ದರೆ ನಮ್ಮ ಮಕ್ಕಳಿಗೆ ಆಯುಸ್ಸು."

ಉಲ್ಬಿಕೆ ತನ್ನ ಕೈಗಳನ್ನು ಬಿಡಿಸಿಕೊಂಡಳು. "ನನ್ನ ಕೈ ಬೇಡ ಮಗಳೇ," ಅಂದಳು. ಗಲ್ಲದಿಂದ ಮಗನ ಕಡೆ ತೋರಿಸಿದಳು. "ಇವನನ್ನ ಕರ್ಕೊಂಡು ಹೋಗು. ಇವನು ತಿನ್ನಿಸಲಿ. ಇವನಿಗೆ ಗೊತ್ತು."

"ಬನ್ನಿ ಅಣ್ಣಾ," ಎಂದಳು ಬಾಲ್ಕಿಯಾ.

ಸಾರ್ಸೆನ್ ತಾಯಿಯನ್ನು ನೋಡಿದ. ಅವಳು ಆಗಲೇ ಬೆನ್ನು ತಿರುಗಿಸಿ ತೊಗಲಿನ ಮೇಲೆ ಕೂತ ನೊಣಗಳನ್ನು ಓಡಿಸುತ್ತಿದ್ದಳು. ಅವನು ಒಳಗೆ ಹೋದ. ಹಾಸಿನ ಕೊನೆಯಲ್ಲಿ ಊರಿನ ಮಕ್ಕಳೆಲ್ಲ ಮೊಣಕಾಲೂರಿ ಸಾಲಾಗಿ ಕೂತಿದ್ದವು. ದೊಡ್ಡ ತಟ್ಟೆಯನ್ನು ಅವನ ಮುಂದೆ ತಂದಿಟ್ಟರು. ಅದರ ತಳದಲ್ಲಿ ಎಲ್ಲರೂ ಉಂಡು ಉಳಿದ ಮಾಂಸ, ಬೇಯಿಸಿದ ಹಿಟ್ಟಿನ ಹಾಳೆಗಳು, ಹೆಪ್ಪುಗಟ್ಟುತ್ತಿದ್ದ ಸಾರು. ಅವನು ಬೆರಳುಗಳನ್ನು ಕೂಡಿಸಿ ಒಂದು ತುತ್ತು ಎತ್ತಿದ. ಮೊದಲ ಮಗು ಕಣ್ಣು ಮುಚ್ಚಿ ಬಾಯಿ ತೆರೆಯಿತು. ಅದರ ಪಕ್ಕದ್ದೂ ತೆರೆಯಿತು, ಅದರ ಪಕ್ಕದ್ದೂ. ಕೆಂಪಗೆ, ಒದ್ದೆಯಾಗಿ, ಒಂದರ ಹಿಂದೆ ಒಂದು ಬಾಯಿ ಅವನ ಕೈಗಾಗಿ ಕಾಯುತ್ತಿದ್ದವು. ಅವನ ಕೈ ಗಾಳಿಯಲ್ಲಿ ನಿಂತಿತ್ತು. ತುತ್ತಿನಿಂದ ಸಾರು ತೊಟ್ಟಿಕ್ಕಿ ಮುಂಗೈ ಮೇಲೆ ಇಳಿಯುತ್ತಿತ್ತು. ಅದರಲ್ಲಿ ಏನಿದೆ ಎಂದು ಒಂದು ಮಗುವೂ ಕೇಳಲಿಲ್ಲ.